ಕೋಳಿಮರಿ ಹುಂಜಾನೋ ಹೇಂಟೆನೋ? 11 ಹುಂಜ ಸಾಕಿ ಕಲಿತ ಪಾಠ

ಈ ವಾರದ ವಿಡಿಯೋದಲ್ಲಿ ಮಾತಾಡಿದ್ದನ್ನ ಓದೋಕೆ ಅನುಕೂಲ ಆಗ್ಲಿ ಅಂತ ಇಲ್ಲಿ ಬರಹಕ್ಕೆ ಇಳಿಸಿದ್ದೀನಿ. ಆಫೀಸ್ ಕ್ಯಾಬ್‌ನಲ್ಲಿ ಕೂತು ಓದೋರಿಗೂ ಆಯ್ತು.

ನಾವಿರೋದು ಹೈದರಾಬಾದಿನ ಹೊರವಲಯದಲ್ಲಿ, ಬಾಡಿಗೆ ಮನೆ. ಹಿಂದೆ ಸ್ವಲ್ಪ ಜಾಗ ಇದೆ. ಹಾಸನದ ಕಡೆ ಹಳ್ಳೀಲಿ ಕೋಳಿ ಮಧ್ಯೆ ಬೆಳೆದೋನು ನಾನು. ಮಗಳಿಗೂ ಆ ಭಾಗ್ಯ ಸಿಗಲಿ ಅಂತ ಒಂದು ಭಾನುವಾರ ತಳ್ಳುಗಾಡಿಯವನ ಹತ್ತಿರ ಬಣ್ಣ ಹಾಕಿದ 14 ಮರಿ ತಂದೆ. "ಎಲ್ಲಾ ಹೆಣ್ಣೇ ಸಾರ್, ಐದು ತಿಂಗಳಿಗೆ ಮೊಟ್ಟೆ" ಅಂದ. ಮೊದಲ ವಾರವೇ ಎರಡು ಸತ್ತವು, ಉಳಿದಿದ್ದು 12. ಮಗಳು ಗುಲಾಬಿ ಬಣ್ಣದ್ದಕ್ಕೆ ಚಿನ್ನಿ ಅಂತ ಹೆಸರಿಟ್ಟಳು.

ಆರನೇ ವಾರ ವಿಡಿಯೋ ಕಾಲ್‌ನಲ್ಲಿ ಅಮ್ಮನಿಗೆ ತೋರಿಸಿದೆ. ಅರ್ಧ ನಿಮಿಷ ನೋಡಿ, "ಅಯ್ಯೋ, ಇವೆಲ್ಲ ಹುಂಜ ಕಣೋ, ಆ ಮೂಲೇಲಿರೋದು ಒಂದೇ ಯಾಟೆ" ಅಂದ್ರು. ನಮ್ಮ ಕಡೆ ಹೇಂಟೆಗೆ ಯಾಟೆ ಅಂತೀವಿ. ಅಮ್ಮ ಹೇಳಿದ್ದು ಅಕ್ಷರಶಃ ನಿಜವಾಯ್ತು: 11 ಹುಂಜ, ಒಂದು ಹೇಂಟೆ. ಚಿನ್ನೀನೂ ಹುಂಜವೇ.

ನನ್ನ ನಸೀಬು ಅಂದ್ಕೊಂಡೆ. ಆಮೇಲೆ ಲೆಕ್ಕ ಹಾಕಿದೆ. ಗಂಡು ಹೆಣ್ಣು ಸಮಸಮ ಹುಟ್ಟೋ ಗುಂಪಿಂದ 12 ಮರಿ ಎತ್ತಿಕೊಂಡ್ರೆ, 11 ಅಥವಾ 12 ಹುಂಜವೇ ಬರೋ ಸಾಧ್ಯತೆ 4096ರಲ್ಲಿ 13. ಅಂದ್ರೆ ಸುಮಾರು 315ಕ್ಕೆ ಒಂದು ಸಲ. ಇದು ನಸೀಬಲ್ಲ, ಮೊದಲೇ ಆರಿಸಿ ತೆಗೆದ ಮಾಲು.

ಎಲ್ಲಿಂದ ಬಂತು ಈ ಮಾಲು? ಮೊಟ್ಟೆ ಫಾರಂಗಳಿಗೆ ಬೇಕಾಗಿರೋದು ಹೇಂಟೆ ಮಾತ್ರ. ಅದಕ್ಕೆ ಮರಿ ಹುಟ್ಟಿದ ದಿನವೇ ಹ್ಯಾಚರಿಗಳಲ್ಲಿ ಗಂಡು ಹೆಣ್ಣು ಬೇರೆ ಮಾಡ್ತಾರೆ. ಮೊಟ್ಟೆ ತಳಿಯ ಹುಂಜ ಮೊಟ್ಟೆ ಇಡಲ್ಲ, ಮಾಂಸದ ತಳಿಯಷ್ಟು ಬೇಗ ಮೈಯೂ ಕಟ್ಟಲ್ಲ. ಹಾಗಾಗಿ ಬಹುಪಾಲು ಗಂಡು ಮರಿಗಳನ್ನ ಅಂದೇ ಕೊಲ್ತಾರೆ. ಜರ್ಮನಿ 2022ರಿಂದ ಇದನ್ನ ನಿಷೇಧ ಮಾಡಿದೆ. ನಮ್ಮಲ್ಲಿ ಒಂದಷ್ಟು ಮರಿ ಬಣ್ಣ ಬಳಿಸಿಕೊಂಡು ರಸ್ತೆಗೆ ಬರುತ್ತೆ. ಬೀದೀಲಿ ಸಿಗೋ ಬಣ್ಣದ ಮರಿ ಹೆಚ್ಚಾಗಿ ಹುಂಜವೇ ಆಗಿರೋದು ಇದಕ್ಕೇ.

ಸರಿ, ಒಂದೇ ದಿನದ ಮರೀಲಿ ಅವರಿಗೆ ಹೇಗೆ ಗೊತ್ತಾಗುತ್ತೆ? ಮೂರು ದಾರಿ ಇದೆ.

ಒಂದು, ಗುದದ್ವಾರ ನೋಡೋದು. ಗಂಡು ಮರಿಗೆ ಒಳಗೆ ಸಾಸಿವೆಗಿಂತ ಚಿಕ್ಕ ಗುಬುಟು ಇರುತ್ತೆ. 1920ರ ದಶಕದಲ್ಲಿ ಜಪಾನಿನ ವಿಜ್ಞಾನಿಗಳು ಇದನ್ನ ಒಂದು ವಿದ್ಯೆಯಾಗಿ ಬೆಳೆಸಿದ್ರು. ಆದರೆ ಕೆಲವು ಹೆಣ್ಣು ಮರಿಗೂ ಸಣ್ಣ ಗುಬುಟು ಇರೋದ್ರಿಂದ, ಸಾವಿರಾರು ಮರಿ ನೋಡಿ ಪಳಗಿದ ಕಣ್ಣಿಗೆ ಮಾತ್ರ ಇದು ಸಾಧ್ಯ. ಯೂಟ್ಯೂಬ್ ನೋಡಿ ಮನೇಲಿ ಒತ್ತಿ ನೋಡೋಕೆ ಹೋಗ್ಬೇಡಿ, ಕರುಳಿಗೆ ಪೆಟ್ಟಾಗಿ ಮರಿ ಸಾಯುತ್ತೆ.

ಎರಡು, ರೆಕ್ಕೆ. ರೆಕ್ಕೆ ಬಿಡಿಸಿ ನೋಡಿದ್ರೆ ಎರಡು ಸಾಲು ಪುಕ್ಕದ ಮೊಳಕೆ ಕಾಣುತ್ತೆ. ಕೆಳಸಾಲು ಮೇಲಿನದಕ್ಕಿಂತ ಉದ್ದ ಇದ್ರೆ ಹೆಣ್ಣು, ಎರಡೂ ಸಮ ಇದ್ರೆ ಗಂಡು. ಕೇಳೋಕೆ ಸುಲಭ, ಆದರೆ ಷರತ್ತಿದೆ. ಬೇಗ ಪುಕ್ಕ ಬರೋ ಹುಂಜಕ್ಕೆ ತಡವಾಗಿ ಪುಕ್ಕ ಬರೋ ಹೇಂಟೆ ಕೂಡಿಸಿ ಮಾಡಿದ ತಳೀಲಿ ಮಾತ್ರ ಇದು ನಡೆಯುತ್ತೆ, ಅದೂ ಹುಟ್ಟಿದ ಮೊದಲ ಒಂದೆರಡು ದಿನ. ನಾಟಿ ಕೋಳೀಲಿ ಈ ಗುರುತು ನಂಬೋ ಹಾಗಿಲ್ಲ.

ಮೂರು, ಬಣ್ಣ. ರೋಡ್ ಐಲೆಂಡ್ ರೆಡ್ ಹುಂಜಕ್ಕೆ ಅಡ್ಡಪಟ್ಟೆಯ ಪ್ಲೈಮೌತ್ ರಾಕ್ ಹೇಂಟೆ ಕೂಡಿಸಿದ್ರೆ ಮರಿಗಳೆಲ್ಲ ಕಪ್ಪು, ಗಂಡಿನ ನೆತ್ತಿ ಮೇಲೆ ಮಾತ್ರ ಬಿಳಿ ಬೊಟ್ಟು. ಯಾಕಂದ್ರೆ ಕೋಳೀಲಿ ಗಂಡಿಗೆ ಎರಡು ಝಡ್ ಕ್ರೋಮೋಸೋಮ್, ಹೆಣ್ಣಿಗೆ ಒಂದು ಝಡ್, ಒಂದು ಡಬ್ಲ್ಯೂ. ಪಟ್ಟೆಯ ಜೀನ್ ಇರೋದು ಝಡ್ ಮೇಲೆ. ತಾಯಿ ತನ್ನ ಝಡ್ ಅನ್ನು ಗಂಡು ಮರಿಗಳಿಗಷ್ಟೇ ಕೊಡ್ತಾಳೆ, ಜೊತೆಗೆ ಪಟ್ಟೆಯೂ ಹೋಗುತ್ತೆ. ಮುಂದಿನ ತಲೆಮಾರಿನಲ್ಲಿ ಈ ಗುರುತು ಕಲಸಿಹೋಗುತ್ತೆ.

ಇಲ್ಲೊಂದು ಮಾತು. ಕೋಳೀಲಿ ಮರಿ ಗಂಡೋ ಹೆಣ್ಣೋ ಅನ್ನೋದನ್ನ ನಿರ್ಧರಿಸೋದು ತಾಯಿ. ಮನುಷ್ಯರಲ್ಲಿ ತಂದೆ. ಹೆಣ್ಣು ಹೆತ್ತಳು ಅಂತ ಸೊಸೆಯನ್ನ ಅನ್ನೋರು ಇದನ್ನ ಸ್ವಲ್ಪ ಗಮನಿಸಬೇಕು.

ಹಾಗೇ ಅಮ್ಮನ ಇನ್ನೊಂದು ಮಾತು: ಚೂಪು ಮೊಟ್ಟೇಲಿ ಹುಂಜ, ದುಂಡು ಮೊಟ್ಟೇಲಿ ಹೇಂಟೆ. ನಮ್ಮ ಹಿತ್ತಲಲ್ಲಿ ಕಾವಿಗೆ ಇಡುವಾಗ ದುಂಡಗಿರೋದನ್ನೇ ಆರಿಸ್ತಿದ್ರು. ಇದು ನಿಜ ಅಲ್ಲ. ಮರಿಯ ಲಿಂಗ ಅಂಡದಲ್ಲೇ ನಿಶ್ಚಯ ಆಗಿರುತ್ತೆ, ಚಿಪ್ಪು ಕಟ್ಟೋದು ಆಮೇಲೆ. ಆಕಾರ ಬರೋದು ಮೊಟ್ಟೆ ಇಳಿದು ಬರೋ ನಾಳದಿಂದ. ದಾರಕ್ಕೆ ಉಂಗುರ ಕಟ್ಟಿ ತೂಗಿಸೋದೂ ಅಷ್ಟೇ.

ಆದರೆ ಆರನೇ ವಾರದಲ್ಲಿ ಅಮ್ಮ ಕಂಡಿದ್ದು ಮೂಢನಂಬಿಕೆ ಅಲ್ಲ, ಅನುಭವ. ಅವರು ನೋಡಿದ್ದು ಜುಟ್ಟು. ಮನೇಲಿ ಸಾಕೋರಿಗೆ ಉಪಯೋಗಕ್ಕೆ ಬರೋದೂ ಇದೇ. ನಾಲ್ಕರಿಂದ ಆರು ವಾರಕ್ಕೆ ಹುಂಜದ ಜುಟ್ಟು ದಪ್ಪ ಆಗಿ ಕೆಂಪೇರುತ್ತೆ, ಗದ್ದದ ಕೆಳಗಿನ ಜೋಲು ಕಾಣೋಕೆ ಶುರು ಆಗುತ್ತೆ. ಅದೇ ವಯಸ್ಸಿನ ಹೇಂಟೆಯ ಜುಟ್ಟು ಚಿಕ್ಕದಾಗಿ, ಮಾಸಲು ಹಳದಿಯಾಗೇ ಇರುತ್ತೆ. ಕಾಲೂ ಹುಂಜದ್ದು ದಪ್ಪ. ಆದರೆ ಒಂದೇ ತಳಿಯ, ಒಂದೇ ವಯಸ್ಸಿನ ಮರಿಗಳನ್ನ ಪಕ್ಕಪಕ್ಕ ಇಟ್ಟು ಹೋಲಿಸಬೇಕು. ಬಿಳಿ ಲೆಗ್‌ಹಾರ್ನ್‌ನಲ್ಲಿ ಜುಟ್ಟು ಬೇಗ ಬರುತ್ತೆ. ಅಸೀಲ್‌ನಂಥ ಜಗಳದ ಕೋಳಿಗೆ ಜುಟ್ಟೇ ಸಣ್ಣದು, ಕಾಯಬೇಕು.

ಅನುಮಾನ ಉಳಿದ್ರೆ ಮೂರು ತಿಂಗಳಾಗಲಿ. ಬಾಲ ಶುರುವಾಗೋ ಕಡೆ, ಬೆನ್ನಿನ ಪುಕ್ಕ ನೋಡಿ. ಹುಂಜಕ್ಕೆ ಅಲ್ಲಿ ಉದ್ದವಾದ, ತುದಿ ಚೂಪಾದ, ಮಿರಮಿರ ಮಿಂಚೋ ಪುಕ್ಕ ಬರುತ್ತೆ. ಹೇಂಟೆಯದ್ದು ತುದಿ ದುಂಡು. ಮಾಮೂಲಿ ತಳಿಗಳಲ್ಲಿ ಇಷ್ಟು ಭರವಸೆಯ ಗುರುತು ಬೇರೆ ಇಲ್ಲ. ಕೂಗೋದನ್ನ ಕಾಯ್ತಾ ಕೂರಬೇಡಿ. ಕೆಲವು ಎರಡೂವರೆ ತಿಂಗಳಿಗೇ ಕೂಗುತ್ತೆ, ಕೆಲವು ಐದು ತಿಂಗಳಾದ್ರೂ ಇಲ್ಲ.

ನಮ್ಮವು ಕಾಯಿಸಲಿಲ್ಲ. ಮೂರನೇ ತಿಂಗಳಲ್ಲಿ ಬೆಳಗಿನ ಜಾವ ನಾಲ್ಕಕ್ಕೇ ಕಚೇರಿ ಶುರು. ರಾತ್ರಿ ಪಾಳಿ ಮುಗಿಸಿ ಬಂದು ಮಲಗೋ ಪಕ್ಕದ ಮನೆಯವರು ಎರಡು ವಾರ ಸಹಿಸಿಕೊಂಡು, ಆಮೇಲೆ ಓನರ್‌ಗೆ ಫೋನ್ ಮಾಡಿದ್ರು. ಅವರದ್ದೇನೂ ತಪ್ಪಿಲ್ಲ. ಹುಂಜಗಳೂ ತಮ್ಮತಮ್ಮಲ್ಲೇ ಕಚ್ಚಾಡಿ ರಕ್ತ ಮಾಡಿಕೊಳ್ತಿದ್ವು. ಹತ್ತಿರದ ಹಳ್ಳಿಯ ರೈತರೊಬ್ಬರಿಗೆ ಹನ್ನೊಂದನ್ನೂ ಕೊಟ್ಟೆ. ಗಾಡಿ ಹತ್ತಿಸುವಾಗ ಮಗಳು, "ಅಪ್ಪಾ, ಚಿನ್ನೀನ ತಿಂತಾರಾ?" ಅಂದಳು. "ಹೌದು ಪುಟ್ಟಿ, ಇವತ್ತಲ್ಲದಿದ್ರೆ ನಾಳೆ" ಅಂದೆ. ಸುಳ್ಳು ಹೇಳೋಕೆ ಮನಸ್ಸಾಗಲಿಲ್ಲ. ಅವಳು ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ.

ಅದಕ್ಕೇ ಹೇಳ್ತಿದ್ದೀನಿ. ಮೊಟ್ಟೆಗೋಸ್ಕರ ಸಾಕೋದಾದ್ರೆ ದಿನದ ಮರಿ ಬೇಡ. ಮೂರು ತಿಂಗಳ ಹೇಂಟೆಗಳನ್ನ ಬೆನ್ನಿನ ಪುಕ್ಕ ನೋಡಿ ತನ್ನಿ, ದುಡ್ಡು ಜಾಸ್ತಿ ಆದ್ರೂ ಪರವಾಗಿಲ್ಲ. ಮೊಟ್ಟೆಗೆ ಹುಂಜ ಬೇಕಿಲ್ಲ, ಮರಿ ಮಾಡಿಸೋಕೆ ಮಾತ್ರ ಬೇಕು. ಮರಿಯನ್ನೇ ತರೋದಾದ್ರೆ ಅರ್ಧ ಹುಂಜ ಆಗುತ್ತೆ ಅಂತ ಲೆಕ್ಕ ಹಾಕಿ, ಅವುಗಳನ್ನ ಏನು ಮಾಡ್ತೀರಿ ಅಂತ ಮಕ್ಕಳು ಹೆಸರಿಡೋಕೆ ಮುಂಚೆಯೇ ಮನೇಲಿ ಕೂತು ಮಾತಾಡಿ.

ಉಳಿದ ಆ ಒಂದು ಹೇಂಟೆಗೆ ಜೊತೆಯಾಗಿ ಬೆಳೆದ ಮೂರು ತಂದಿದ್ದೀವಿ. ಈಗ ದಿನಾ ಎರಡು ಮೂರು ಮೊಟ್ಟೆ ಸಿಗುತ್ತೆ, ಒಂದು ಪಕ್ಕದ ಮನೆಗೆ. ಮಗಳು ಇನ್ನೂ ಯಾವುದಕ್ಕೂ ಹೆಸರಿಟ್ಟಿಲ್ಲ.

ಮುಂದಿನ ವಾರ ಸಿಗೋಣ.