ಕಾವೇರಿಯ ಮಹಶೀರ್ ಮೀನು

ಹೊಳೆಯಲ್ಲಿ ಗಾಳ ಹಾಕಿ ಮೀನು ಹಿಡಿಯುವುದು ನಮ್ಮ ನಗರದ ವಿದ್ಯಾವಂತರಲ್ಲಿ ಅನೇಕರಿಗೆ ಒಂದು ವಿನೋದವಾಗಿ ತೋರುವುದಿಲ್ಲ. ಹೊಟ್ಟೆಪಾಡಿನ ಕಸುಬೆಂದು ಕೆಲವರೂ, ಸೋಮಾರಿಗಳ ಕಾಲಹರಣವೆಂದು ಮತ್ತೆ ಕೆಲವರೂ ಅದನ್ನು ತಳ್ಳಿಬಿಡುವರು. ಪಶ್ಚಿಮ ದೇಶಗಳಲ್ಲಾದರೋ ಅದನ್ನು ಒಂದು ವಿದ್ಯೆಯೆಂದೇ ಎಣಿಸುವವರಿದ್ದಾರೆ. ಉತ್ತರ ಅಮೆರಿಕದ ಪಡುವಣ ಕರಾವಳಿಯಲ್ಲಿ ಸ್ಟೀಲ್‌ಹೆಡ್ ಎಂಬ ಮೀನುಂಟು. ಹೊಳೆಯಲ್ಲಿ ಹುಟ್ಟಿ, ಕಡಲಿಗೆ ಹೋಗಿ ಬೆಳೆದು, ಮೊಟ್ಟೆಯಿಡುವುದಕ್ಕೆಂದು ಮರಳಿ ಹೊಳೆಗೆ ಬರುವ ಟ್ರೌಟ್ ಜಾತಿಯ ಮೀನು ಅದು. ಪ್ರವಾಹಕ್ಕೆ ಎದುರಾಗಿ ಏರಿಬರುವ ಆ ಮೀನನ್ನು ಗಾಳಕ್ಕೆ ಸಿಕ್ಕಿಸಲು ರಸಿಕರು ಚಳಿಯ ನೀರಿನಲ್ಲಿ ಸೊಂಟದವರೆಗೆ ನಿಂತು ದಿನಗಟ್ಟಲೆ ಕಾಯುವರು.

ತಣ್ಣೀರಿನ ಆ ಮೀನು ನಮ್ಮ ಬಯಲುಸೀಮೆಯ ಹೊಳೆಗಳಲ್ಲಿ ಬಾಳಲಾರದು. ಆದರೆ ಗಾತ್ರದಲ್ಲಿ ಅದನ್ನು ಬಹುವಾಗಿ ಮೀರಿದ, ಬಲದಲ್ಲಿ ಅದಕ್ಕೆ ಸೋಲದ ಮೀನೊಂದು ನಮ್ಮ ಕಾವೇರಿಯಲ್ಲಿಯೇ ಇದೆ. ಅದೇ ಮಹಶೀರ್, ಹೊಳೆಯ ದಡದ ಜನರ ಬಿಳಿಮೀನು. ದಕ್ಷಿಣ ಕನ್ನಡದಲ್ಲಿ ಅಧಿಕಾರಿಯಾಗಿದ್ದ ಎಚ್. ಎಸ್. ಥಾಮಸ್ ಎಂಬವರು 1873ರಲ್ಲಿ ಹೊರತಂದ ತಮ್ಮ ಗಾಳಗಾರಿಕೆಯ ಗ್ರಂಥದಲ್ಲಿ, ಸೆಣಸಾಟದಲ್ಲಿ ಇದು ಸಾಲ್ಮನ್ ಮೀನಿಗಿಂತಲೂ ಮೇಲೆಂದು ಹೊಗಳಿದರು. ಮೈಸೂರಿನ ವಾನ್ ಇಂಗೆನ್ ಮನೆತನದವರೊಬ್ಬರು 1946ರಲ್ಲಿ ಕಬಿನಿಯಲ್ಲಿ ಹಿಡಿದ ಮಹಶೀರ್ 120 ಪೌಂಡು, ಎಂದರೆ ಸುಮಾರು 54 ಕಿಲೋಗ್ರಾಂ ತೂಗಿತು. ಈ ಮೀನುಗಳಲ್ಲಿ ಶ್ರೇಷ್ಠವಾದುದು ಹೊನ್ನಿನ ಬಣ್ಣದ್ದು, ಬೆನ್ನಿನ ಮೇಲೆ ಡುಬ್ಬವುಳ್ಳದ್ದು. ಕಾವೇರಿಯ ಜಲಾನಯನವನ್ನು ಬಿಟ್ಟರೆ ಲೋಕದಲ್ಲಿ ಬೇರೆಲ್ಲಿಯೂ ಅದಕ್ಕೆ ನೆಲೆಯಿಲ್ಲ.

ಇದನ್ನು ಹಿಡಿಯುವ ಕ್ರಮವನ್ನು ಕೇಳಿದರೆ ನಮ್ಮವರಿಗೆ ನಗೆ ಬಂದೀತು. ಗಾಳಕ್ಕೆ ಕಟ್ಟುವ ಎರೆ ನಮ್ಮ ರಾಗಿಯೇ! ರಾಗಿಯ ಹಿಟ್ಟನ್ನು ಬೇಯಿಸಿ, ಗಟ್ಟಿಯಾಗಿ ನಾದಿ, ಉಂಡೆ ಕಟ್ಟಿ ಗಾಳಕ್ಕೆ ಮೆತ್ತುವರು. ಹರಿಗೋಲಿನಲ್ಲಿ ಕುಳಿತೋ ಬಂಡೆಯ ಮೇಲೆ ನಿಂತೋ ಅದನ್ನು ಮಡುವಿನೊಳಕ್ಕೆ ಎಸೆದು ಮೌನವಾಗಿ ಕಾಯುವರು. ಮೀನು ಕಚ್ಚಿದೊಡನೆ ಮಿಂಚಿನಂತೆ ಹೊಳೆಯ ಇಳಿಜಾರಿಗೆ ಓಡುತ್ತದೆ; ದಾರವು ಬಂಡೆಗೆ ತಾಗಿ ತುಂಡಾಗಲೂಬಹುದು. ಅದರ ಬಾಯಲ್ಲಿ ಹಲ್ಲಿಲ್ಲ, ಗಂಟಲಿನೊಳಗುಂಟು. ಏಡಿಯ ಚಿಪ್ಪನ್ನು ನುಚ್ಚುಮಾಡುವ ಆ ಹಲ್ಲುಗಳಿಗೆ ಸಣ್ಣ ಗಾಳವು ಲೆಕ್ಕಕ್ಕಿಲ್ಲ. ಬಹಳ ಹೊತ್ತಿನ ಸೆಣಸಾಟದ ಮೇಲೆ ಮೀನು ದಡಕ್ಕೆ ಬಂದರೆ ಅದು ಹಿಡಿದವನ ಭಾಗ್ಯ.

ಹಿಂದೆ ಆ ಭಾಗ್ಯವು ಅಡಿಗೆಯ ಮನೆಯಲ್ಲಿ ಪೂರ್ಣವಾಗುತ್ತಿತ್ತು. ಕಾಲಕ್ರಮದಲ್ಲಿ ಸಿಡಿಮದ್ದು ಹಾಕಿ ಮೀನನ್ನು ಕೊಲ್ಲುವ ಹಾವಳಿ ಹೆಚ್ಚಲು, ಮೀನನ್ನು ಉಳಿಸಬೇಕೆಂಬವರು ಬೇರೊಂದು ಪದ್ಧತಿಯನ್ನು ತಂದರು. ಬೆಂಗಳೂರಿನಲ್ಲಿ 1972ರಲ್ಲಿ ಹುಟ್ಟಿದ ದಕ್ಷಿಣ ಭಾರತ ವನ್ಯಜೀವಿ ಸಂಘದವರೂ, ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಾಕಳಿಗಳ ಶಿಬಿರದವರೂ ಅನುಸರಿಸಿದ ನಿಯಮವಿಷ್ಟೆ: ಹಿಡಿದ ಮೀನನ್ನು ತೂಗಿ, ತೂಕವನ್ನು ಬರೆದಿಟ್ಟು, ಅದರ ಮುಖವನ್ನು ಪ್ರವಾಹಕ್ಕೆ ತಿರುಗಿಸಿ ಚೇತರಿಸುವವರೆಗೆ ಕೈಯಲ್ಲಿ ಆನಿಸಿಕೊಂಡು, ಬಳಿಕ ಬಿಟ್ಟುಬಿಡತಕ್ಕದ್ದು. ಉಣ್ಣುವ ಸುಖದ ಸ್ಥಾನದಲ್ಲಿ ಬಿಡುವ ಸುಖವು ಬಂದಿತು.

ಹಾಗೆ ಬರೆದಿಟ್ಟ ಲೆಕ್ಕವು ಮುಂದೆ ಅನಿರೀಕ್ಷಿತವಾದ ಪ್ರಯೋಜನಕ್ಕೆ ಒದಗಿತು. ಒಂದು ಶಿಬಿರದ 1998ರಿಂದ 2012ರವರೆಗಿನ ದಾಖಲೆಗಳನ್ನು ಶಾಸ್ತ್ರಜ್ಞರು ಪರಿಶೀಲಿಸಿ 2015ರಲ್ಲಿ ಪ್ರಕಟಿಸಿದರು. 23,620 ಗಂಟೆಗಳ ಗಾಳಗಾರಿಕೆ. ಸಿಕ್ಕಿದ ಮೀನು 6,161. ಇವುಗಳಲ್ಲಿ ನೀಲಿ ರೆಕ್ಕೆಯ ಮಹಶೀರ್ ವರ್ಷವರ್ಷಕ್ಕೆ ಹೆಚ್ಚುತ್ತ ಬಂದಿತ್ತು. ಇದು ಮೊಟ್ಟೆಮನೆಯಲ್ಲಿ ಮರಿಮಾಡಿಸಿ ಕಾವೇರಿಗೆ ತಂದು ಬಿಟ್ಟ ಹೊರಗಿನ ಮೀನು. ಡುಬ್ಬದ ಮಹಶೀರ್ ಕಡಮೆಯಾಗುತ್ತ ಬಂದಿತ್ತು; ಆದರೆ ಸಿಕ್ಕಿದ ಕೆಲವು ಮಾತ್ರ ಸರಾಸರಿಯಲ್ಲಿ ಮೊದಲಿಗಿಂತ ದೊಡ್ಡವು.

ಮೀನು ದೊಡ್ಡದಾದರೆ ಸಂತೋಷಪಡಬೇಕಲ್ಲವೆ? ಇಲ್ಲಿಯೇ ನಾವು ಎಚ್ಚರಗೊಳ್ಳಬೇಕು. ಒಂದು ಬೀದಿಯಲ್ಲಿ ವಾಸಿಸುವವರ ಸರಾಸರಿ ವಯಸ್ಸು ವರುಷವರುಷಕ್ಕೂ ಏರುತ್ತಿದ್ದರೆ, ಅಲ್ಲಿ ಜನರಿಗೆ ಆಯುಸ್ಸು ಹೆಚ್ಚಿತೆಂದು ಹಿಗ್ಗುವ ಮೊದಲು, ತೊಟ್ಟಿಲುಗಳು ತೂಗುತ್ತಿವೆಯೇ ಎಂದು ವಿಚಾರಿಸಬೇಕು. ಕಾವೇರಿಯಲ್ಲಿ ಆದದ್ದು ಇದೇ. ಹಳೆಯ ಮೀನು ಬೆಳೆಯುತ್ತಿತ್ತು, ಹೊಸ ಮರಿ ಬರುತ್ತಿರಲಿಲ್ಲ. ಗಾಳಗಾರನು ಹೆಮ್ಮೆಯಿಂದ ಬರೆದ ಒಂದೊಂದು ದೊಡ್ಡ ತೂಕವೂ ಒಂದು ಕುಲದ ಅಳಿವಿನ ಸೂಚನೆಯಾಗಿತ್ತು.

ಆ ಮೀನಿಗೆ ಶಾಸ್ತ್ರೀಯವಾದ ಹೆಸರು ನಿರ್ಧಾರವಾದದ್ದು 2018ರಲ್ಲಿ: ಟಾರ್ ರೆಮಾದೇವಿ. ಅದೇ ವರ್ಷ ಅದು ಅಳಿವಿನ ಅಂಚಿನಲ್ಲಿರುವ ಪ್ರಾಣಿಗಳ ಅಂತರರಾಷ್ಟ್ರೀಯ ಪಟ್ಟಿಗೂ ಸೇರಿತು. ಅಷ್ಟರಲ್ಲಿ ಗಾಳದ ಶಿಬಿರಗಳು ನಿಂತುಹೋಗಿದ್ದವು. ಅಲ್ಲಿಯ ಹೊಳೆಯು 1987ರಲ್ಲಿ ಏರ್ಪಟ್ಟ ಕಾವೇರಿ ವನ್ಯಧಾಮಕ್ಕೆ ಸೇರಿದ್ದು. ವನ್ಯಧಾಮದಲ್ಲಿ ಮೀನಿಗೆ ಗಾಳ ಹಾಕುವುದು ಕಾನೂನಿಗೆ ಒಪ್ಪಿಗೆಯಲ್ಲವೆಂದು 2012ರ ಹೊತ್ತಿಗೆ ಅದು ಕೊನೆಗಂಡಿತು. ಮೀನಿಗೆ ನೋವು ತಪ್ಪಿತೆಂದು ಕೆಲವರು ಮೆಚ್ಚಿದರು. ಹೊಳೆಯನ್ನು ಕಾಯುವ ಕಣ್ಣುಗಳೂ ಲೆಕ್ಕದ ಪುಸ್ತಕವೂ ಹೋದವೆಂದು ಕೆಲವರು ಮರುಗಿದರು. ಎರಡು ಮಾತಿನಲ್ಲಿಯೂ ಸತ್ಯಾಂಶವುಂಟು.

ಹೊಸಹಳ್ಳಿಯಲ್ಲಿ ಮನೆ ಮಾಡಿಕೊಂಡಿರುವ ನಮಗೂ ಆ ದೂರದ ಮೀನಿಗೂ ಏನು ಸಂಬಂಧವೆಂದು ಕೇಳಬಹುದು. ನಮ್ಮ ಬಚ್ಚಲಿನ ನೀರನ್ನು ಹಿಂಬಾಲಿಸಿದರೆ ಉತ್ತರವು ದೊರೆಯುವುದು. ವಿಜಯನಗರ, ರಾಜಾಜಿನಗರಗಳ ಕಡೆಯ ಚರಂಡಿಗಳು ವೃಷಭಾವತಿಯ ಕಣಿವೆಗೆ ಇಳಿಯುತ್ತವೆ. ವೃಷಭಾವತಿಯು ಮೈಸೂರು ರಸ್ತೆಯ ಬದಿಯಲ್ಲಿ ಸಾಗಿ, ಕೆಂಗೇರಿಯನ್ನು ದಾಟಿ, ಬೈರಮಂಗಲದ ಕೆರೆಯನ್ನು ಹೊಕ್ಕು ಹೊರಟು, ಕನಕಪುರದ ಸೀಮೆಯಲ್ಲಿ ಅರ್ಕಾವತಿಯನ್ನು ಕೂಡುತ್ತದೆ. ಅರ್ಕಾವತಿಯು ಸಂಗಮದಲ್ಲಿ ಕಾವೇರಿಗೆ ಸೇರುತ್ತದೆ. ಅಲ್ಲಿಂದ ಕೆಳಗೆ ಮೇಕೆದಾಟು; ಮೇಲೆ ಗಾಳಿಬೋರೆಯ ಮಡುಗಳು. ಮಳೆಗಾಲದಲ್ಲಿ ಮೊಟ್ಟೆಯಿಡಲು ಪ್ರವಾಹಕ್ಕೆ ಎದುರಾಗಿ ಏರುವ ಮಹಶೀರಿಗೆ ನಮ್ಮ ಊರು ಬರೆದು ಕಳುಹಿಸುವ ಓಲೆಯೆಂದರೆ ಸಾಬೂನಿನ ನೊರೆ, ಕಾರ್ಖಾನೆಯ ಕೊಳೆ. ಅಣೆಕಟ್ಟು, ಮರಳಿನ ಲೂಟಿ, ಸಿಡಿಮದ್ದು ಇವುಗಳ ಜೊತೆಗೆ ನಮ್ಮ ಪಾಲೂ ಅಲ್ಲಿಗೆ ಮುಟ್ಟುತ್ತದೆ.

ಹಿಡಿದ ಮೀನನ್ನು ಬಿಡುವಾಗ ಅದರ ಮುಖವನ್ನು ಪ್ರವಾಹಕ್ಕೆ ತಿರುಗಿಸಿ, ಉಸಿರು ಹಿಡಿಯುವವರೆಗೆ ಕಾಯಬೇಕೆಂದು ಹೇಳಿದೆವು. ಅದಕ್ಕೆ ಬೇಕಾದುದು ಉಸಿರಾಡಲು ತಕ್ಕ ನೀರು. ಗಾಳವನ್ನು ಎಂದೂ ಕೈಯಲ್ಲಿ ಹಿಡಿಯದ ನಾವೂ ಆ ನೀರನ್ನು ಕೊಡಬಲ್ಲೆವು, ಕೊಡದೆಯೂ ಇರಬಲ್ಲೆವು.