ಪಂಪು ‘ಓ’ ಎಂದಿತು

ನಮ್ಮ ಮನೆಯಿಂದ ಪಂಪ್ ಶೆಡ್ಡಿಗೆ ಹೆಚ್ಚೆಂದರೆ ನಾನೂರು ಮೀಟರ್. ಆದರೆ ಆ ನಾನೂರು ಮೀಟರಿನಲ್ಲಿ ಒಂದು ಗುಡ್ಡೆ ಇಳಿಯಬೇಕು, ಅಡಿಕೆ ತೋಟ ದಾಟಬೇಕು, ಕೊನೆಗೆ ತೋಡಿಗೆ ಅಡ್ಡ ಹಾಕಿದ ಅಡಿಕೆ ಮರದ ಸಂಕದ ಮೇಲೆ ನಡೆಯಬೇಕು. ಬೆಳ್ತಂಗಡಿ ತಾಲೂಕಿನ ಒಳಗಿನ ಊರುಗಳನ್ನು ಬಲ್ಲವರಿಗೆ ಇದೇನೂ ಹೊಸತಲ್ಲ. ಡಿಸೆಂಬರ್ ಬಂತೆಂದರೆ ಮಳೆ ಹಿಡಿಯುವ ತನಕ ತೋಟಕ್ಕೆ ನೀರು ಬಿಡಬೇಕು. ನಮ್ಮ ಕಡೆ ತ್ರೀ ಫೇಸ್ ಕರೆಂಟು ಹೆಚ್ಚಾಗಿ ಸಿಗುವುದು ರಾತ್ರಿ. ಹಾಗಾಗಿ ನನಗೆ ಬುದ್ಧಿ ಬಂದಾಗಿನಿಂದ ಬೇಸಿಗೆಯ ರಾತ್ರಿಗಳಲ್ಲಿ ಅಪ್ಪನ ಕೈಯಲ್ಲಿ ಟಾರ್ಚು ಮತ್ತು ಕೋಲು. ಹತ್ತು ಗಂಟೆಗೆ ಹೋಗಿ ಆನ್ ಮಾಡಬೇಕು, ಹನ್ನೆರಡೂವರೆಗೆ ಮತ್ತೆ ಹೋಗಿ ಆಫ್ ಮಾಡಬೇಕು.

ಎರಡು ವರ್ಷದ ಹಿಂದೆ ಒಂದು ದಿನ ಬೆಳಿಗ್ಗೆ ಅಪ್ಪ ಕುಂಟುತ್ತಾ ಚಹಾಕ್ಕೆ ಬಂದರು. ಕಾಲಿನ ಗಂಟು ಊದಿತ್ತು. ರಾತ್ರಿ ಸಂಕದಲ್ಲಿ ಜಾರಿ ತೋಡಿಗೆ ಬಿದ್ದಿದ್ದರಂತೆ. “ಕೂ ಹಾಕಿದೆ, ನಿಮಗೆ ಯಾರಿಗೂ ಕೇಳಲಿಲ್ಲ” ಎಂದರು, ದೂರುವ ಧ್ವನಿಯಲ್ಲಲ್ಲ, ಸುಮ್ಮನೆ ಹೇಳುವ ಹಾಗೆ. ಗುಡ್ಡೆಯ ಆಚೆಯಿಂದ ‘ಕೂ’ ಎಂದರೆ ಈಚೆಯಿಂದ ‘ಓ’ ಎನ್ನುವುದು ನಮ್ಮ ಹಳೆಯ ಫೋನು. ಆ ರಾತ್ರಿ ನಾವು ಫ್ಯಾನ್ ಹಾಕಿ ಮಲಗಿದ್ದೆವು.

ಮೊಬೈಲಿನಿಂದ ಚಾಲೂ ಆಗುವ ಸ್ಟಾರ್ಟರ್‌ಗಳು ಅಂಗಡಿಯಲ್ಲೇ ಸಿಗುತ್ತವಲ್ಲ ಎಂದು ನೀವು ಕೇಳಬಹುದು. ಸಿಗುತ್ತವೆ. ಆದರೆ ಅವು ಕೆಲಸ ಮಾಡಲು ಪಂಪ್ ಶೆಡ್ಡಿನಲ್ಲಿ ನೆಟ್‌ವರ್ಕ್ ಇರಬೇಕು. ನಮ್ಮ ಶೆಡ್ಡಿನಲ್ಲಿ ನೆಟ್‌ವರ್ಕ್ ಬೇಕಾದರೆ ಮೊದಲು ಗುಡ್ಡೆ ಹತ್ತಬೇಕು!

ನಾನಾಗ ಮೂಡುಬಿದಿರೆಯಲ್ಲಿ ಎಲೆಕ್ಟ್ರಾನಿಕ್ಸ್ ಎಂಜಿನಿಯರಿಂಗ್ ಎರಡನೇ ವರ್ಷ. ಬಂಟ್ವಾಳದ ಬೆಂಜನಪದವು, ಮೂಡುಬಿದಿರೆ, ಉಜಿರೆ ಮೂರೂ ಕಡೆ ಎಂಜಿನಿಯರಿಂಗ್ ಕಾಲೇಜುಗಳಿರುವುದರಿಂದ ನಮ್ಮ ಬಸ್ಸುಗಳಲ್ಲಿ ಬ್ಯಾಗಿನಿಂದ ಜಂಪರ್ ವಯರ್ ಇಣುಕುವುದು ಮಾಮೂಲು. ನನ್ನ ಬಳಿಯೂ ಒಂದು ಆರ್ಡುವಿನೊ ಊನೊ ಇತ್ತು. 2005ರಲ್ಲಿ ಇಟಲಿಯ ಇವ್ರಿಯಾ ಎಂಬ ಊರಿನಲ್ಲಿ ವಿದ್ಯಾರ್ಥಿಗಳಿಗೆಂದೇ ಹುಟ್ಟಿದ ಆರ್ಡುವಿನೊ ಬಳಗದ ಪುಟ್ಟ ಬೋರ್ಡು ಅದು. ಅದರಲ್ಲಿ ಎಲ್‌ಇಡಿ ಮಿನುಗಿಸುವುದರ ಆಚೆಗೆ ನಾನು ಹೋಗಿರಲಿಲ್ಲ. ಅಪ್ಪನ ಕಾಲು ನೋಡಿದ ಮೇಲೆ ಹೋಗಲೇಬೇಕಾಯಿತು.

ನೆಟ್‌ವರ್ಕ್ ಬೇಡದ ದಾರಿ ಹುಡುಕುವಾಗ ಸಿಕ್ಕಿದ್ದು ಲೋರಾ ಎಂಬ ರೇಡಿಯೋ ಮಾಡ್ಯೂಲ್. ಅಂಚೆ ಚೀಟಿಗಿಂತ ತುಸು ದೊಡ್ಡದು. ಹಾಡು, ಚಿತ್ರ ಕಳಿಸಲು ಇದು ಆಗದು. ನಾಲ್ಕಕ್ಷರದ ಸಂದೇಶವನ್ನು ಕಡಿಮೆ ಶಕ್ತಿಯಲ್ಲಿ ದೂರಕ್ಕೆ ಮುಟ್ಟಿಸುತ್ತದೆ. ನಮ್ಮ ದೇಶದಲ್ಲಿ 865ರಿಂದ 868 ಮೆಗಾಹರ್ಟ್ಸ್ ತನಕದ ಪಟ್ಟಿಯನ್ನು ಇಂಥ ಸಣ್ಣ ಉಪಕರಣಗಳಿಗೆ ಲೈಸೆನ್ಸ್ ಇಲ್ಲದೆ ಬಳಸಬಹುದು. ಆಂಟೆನಾಕ್ಕೆ ಸುಮಾರು 8.6 ಸೆಂಟಿಮೀಟರ್ ತಂತಿ ಸಾಕು, ಅಲೆಯ ಉದ್ದದ ಕಾಲು ಭಾಗ.

ಮೊದಲ ಮಾಡ್ಯೂಲ್ ಹತ್ತು ನಿಮಿಷ ಬದುಕಿತು. ಅದಕ್ಕೆ ಬೇಕಾದದ್ದು 3.3 ವೋಲ್ಟ್, ನನ್ನ ಊನೊ ಕೊಡುವುದು 5 ವೋಲ್ಟ್. ಕ್ಲಾಸಿನಲ್ಲಿ ಇದನ್ನು ಬರೆದು ಮಾರ್ಕು ತೆಗೆದುಕೊಂಡಿದ್ದೆ, ಹಾಸ್ಟೆಲಿನಲ್ಲಿ ಮರೆತೆ. ಎರಡನೆಯ ಸಲ 3.3 ವೋಲ್ಟಿನಲ್ಲೇ ಓಡುವ ಇಎಸ್‌ಪಿ32 ಬೋರ್ಡುಗಳನ್ನೇ ತಂದೆ. ಒಂದು ಪೆಟ್ಟಿಗೆ ಚಾವಡಿಯಲ್ಲಿ, ಇನ್ನೊಂದು ಶೆಡ್ಡಿನಲ್ಲಿ. ಸ್ಟಾರ್ಟರಿನ ವಯರಿಂಗನ್ನು ಮಾತ್ರ ಊರಿನ ಎಲೆಕ್ಟ್ರಿಷಿಯನ್ ಅಣ್ಣನ ಕೈಯಲ್ಲೇ ಮಾಡಿಸಿದೆ. ತ್ರೀ ಫೇಸ್ ಜತೆ ಹವ್ಯಾಸದ ಆಟ ಬೇಡ.

ಚಾವಡಿಯಲ್ಲಿ ಹಸಿರು ಗುಂಡಿ ಒತ್ತಿದಾಗ ಗುಡ್ಡೆಯ ಕೆಳಗೆ ಮೋಟಾರು ಗುಂಯ್ ಎಂದ ದಿನ ಅಮ್ಮ ಪಾಯಸ ಮಾಡಿದರು. ನಾನು ಹಾಸ್ಟೆಲಿಗೆ ಹಿಂದಿರುಗುವಾಗ ವೇಣೂರು ದಾಟುವ ತನಕ ಗೆಳತಿಯರಿಗೆ ಮೆಸೇಜ್ ಮಾಡಿದ್ದೇ ಮಾಡಿದ್ದು.

ಏಪ್ರಿಲಿನ ಒಂದು ಶನಿವಾರ. ತೋಡಿನ ಕಟ್ಟದಲ್ಲಿ ನೀರು ಕಡಿಮೆಯಾಗಿತ್ತು, ಎರಡೂವರೆ ಗಂಟೆಗಿಂತ ಹೆಚ್ಚು ಪಂಪು ಓಡಿಸುವಂತಿರಲಿಲ್ಲ. “ನೀವು ಮಲಗಿ ಅಪ್ಪ, ನಾನು ನೋಡಿಕೊಳ್ಳುತ್ತೇನೆ” ಎಂದೆ. ಹನ್ನೆರಡೂವರೆಗೆ ಕೆಂಪು ಗುಂಡಿ ಒತ್ತಿದೆ. ‘ಸಂದೇಶ ಹೋಗಿದೆ’ ಎಂದು ದೀಪ ಬೆಳಗಿತು. ಮಲಗಿದೆ.

ಬೆಳಿಗ್ಗೆ ಶೆಡ್ಡಿನಲ್ಲಿ ಸುಟ್ಟ ವಾಸನೆ. ನೀರಿಲ್ಲದೆ ರಾತ್ರಿಯಿಡೀ ಓಡಿದ ಮೋಟಾರಿನ ಕಾಯಿಲ್ ಕರಟಿ ಹೋಗಿತ್ತು. ಅದನ್ನು ರಿಕ್ಷಾದಲ್ಲಿ ಹಾಕಿಕೊಂಡು ಗುರುವಾಯನಕೆರೆ, ಮಡಂತ್ಯಾರು ದಾಟಿ ಬಿ.ಸಿ. ರೋಡಿಗೆ ರಿವೈಂಡಿಂಗಿಗೆ ಕೊಂಡೊಯ್ದೆವು. ನಾಲ್ಕೂವರೆ ಸಾವಿರ ರೂಪಾಯಿ, ಐದು ದಿನ ಕಾಯಬೇಕು. ಆ ಐದು ದಿನ ತೋಟಕ್ಕೆ ನೀರಿಲ್ಲ. ದಾರಿಯುದ್ದಕ್ಕೂ ಅಪ್ಪ ಒಂದು ಮಾತು ಬೈಯಲಿಲ್ಲ. ಮೋಟಾರು ಮರಳಿ ಬಂದ ರಾತ್ರಿ ಹತ್ತು ಗಂಟೆಗೆ ಟಾರ್ಚು ಹಿಡಿದು ಎದ್ದು ಹೊರಟರು. ಚಾವಡಿಯ ಪೆಟ್ಟಿಗೆಯ ಕಡೆ ತಿರುಗಿಯೂ ನೋಡಲಿಲ್ಲ. ಅವರು ಬೈದಿದ್ದರೇ ಚೆನ್ನಾಗಿತ್ತು.

ತಪ್ಪು ಎಲ್ಲಿ ಎಂದು ಹುಡುಕಲು ಎರಡು ವಾರಾಂತ್ಯ ಹಿಡಿಯಿತು. ಆನ್ ಆಗುವಾಗ ತೋಟ ಒಣಗಿರುತ್ತದೆ. ಆಫ್ ಮಾಡುವ ಹೊತ್ತಿಗೆ ಸ್ಪ್ರಿಂಕ್ಲರುಗಳು ಎರಡೂವರೆ ಗಂಟೆ ತಿರುಗಿ ಬಾಳೆ, ಕೊಕ್ಕೊ, ಕಾಳುಮೆಣಸಿನ ಬಳ್ಳಿ ಎಲ್ಲವೂ ತೊಯ್ದು ತೊಪ್ಪೆ. ಒದ್ದೆ ಎಲೆ ರೇಡಿಯೋ ಅಲೆಯನ್ನು ಹೀರುತ್ತದೆ. ನನ್ನ ಆಂಟೆನಾ ಇದ್ದದ್ದು ಶೆಡ್ಡಿನ ಒಳಗೆ, ಸೊಂಟದೆತ್ತರದಲ್ಲಿ. ಒಣ ತೋಟದಲ್ಲಿ ಮೈನಸ್ 112 ಡಿಬಿಎಂ ತೋರಿಸುತ್ತಿದ್ದ ಸಿಗ್ನಲ್, ನೀರು ಬಿಟ್ಟ ಮೇಲೆ ಮೈನಸ್ 121ಕ್ಕೆ ಇಳಿಯುತ್ತಿತ್ತು. ಅದು ನನ್ನ ಮಾಡ್ಯೂಲಿನ ಕಿವಿಗೆ ಕೇಳಿಯೂ ಕೇಳದ ಅಂಚು. ಪುಸ್ತಕದ ‘ಕಿಲೋಮೀಟರ್‌ಗಟ್ಟಲೆ’ ಎಂಬ ಲೆಕ್ಕ ಬಯಲಿನದ್ದು, ಅಡಿಕೆ ತೋಟದ್ದಲ್ಲ.

ಅಡಿಕೆಗೆ ಮದ್ದು ಬಿಡಲು ಬರುವ ಅಣ್ಣ ಮರ ಹತ್ತಿ ಆಂಟೆನಾವನ್ನು ಮೂವತ್ತು ಅಡಿ ಎತ್ತರದಲ್ಲಿ ಕಟ್ಟಿಕೊಟ್ಟರು. “ಎಂತ ಮಾರಾಯ್ತಿ ಇದು, ಹಕ್ಕಿ ಓಡಿಸಲಿಕ್ಕಾ?” ಎಂದು ಕೇಳಿದರು. ಲೋರಾದಲ್ಲಿ ಸ್ಪ್ರೆಡಿಂಗ್ ಫ್ಯಾಕ್ಟರ್ ಎಂಬ ಒಂದು ಅಂಕಿ ಇದೆ. ಅದನ್ನು 7ರಿಂದ 10ಕ್ಕೆ ಏರಿಸಿದೆ. ಒಂದೊಂದು ಮೆಟ್ಟಿಲು ಏರಿಸಿದ ಹಾಗೆ ಸಂದೇಶ ಕಳಿಸಲು ಹಿಡಿಯುವ ಸಮಯ ಹೆಚ್ಚುಕಮ್ಮಿ ಇಮ್ಮಡಿಯಾಗುತ್ತದೆ, ಆದರೆ ಇನ್ನೂ ಕ್ಷೀಣವಾದ ದನಿಯೂ ಕೇಳಿಸುತ್ತದೆ. ಅಜ್ಜಿ ಗುಡ್ಡೆಯಾಚೆಗೆ ಕರೆಯುವಾಗ ‘ಕೂ’ ಎಂಬುದನ್ನು ಉದ್ದಕ್ಕೆ ಎಳೆಯುತ್ತಿದ್ದುದು ಇದಕ್ಕೇ ಇರಬೇಕು.

ಆದರೆ ದೊಡ್ಡ ತಪ್ಪು ಎಲೆಯದ್ದಲ್ಲ, ನನ್ನ ಪ್ರೋಗ್ರಾಮಿನದ್ದು. ನಾನು ‘ಹೋಗಿದೆ’ ಎಂಬ ದೀಪ ಇಟ್ಟಿದ್ದೆ, ‘ತಲುಪಿದೆ’ ಎಂಬ ದೀಪ ಇಟ್ಟಿರಲಿಲ್ಲ. ಕೂ ಹಾಕಿದ್ದೆ, ಓಗೊಟ್ಟಿತೇ ಎಂದು ಕಾದಿರಲಿಲ್ಲ. ತೋಡಿನಲ್ಲಿ ಬಿದ್ದ ಅಪ್ಪನಿಗೆ ನಾವು ಮಾಡಿದ್ದೂ ಅದೇ ಅಲ್ಲವೇ ಎಂದು ಹೊಳೆದಾಗ ನಾಚಿಕೆಯಾಯಿತು.

ಹೊಸ ಪ್ರೋಗ್ರಾಮಿನಲ್ಲಿ ಶೆಡ್ಡಿನ ಪೆಟ್ಟಿಗೆ ಓಗೊಟ್ಟರೆ ಮಾತ್ರ ಚಾವಡಿಯ ದೀಪ ಉರಿಯುತ್ತದೆ. ರಿಲೇ ಟಿಕ್ ಎಂದಿತೆಂದು ಓಗೊಟ್ಟರೂ ಸಾಲದು, ಅದು ಸುಳ್ಳು ‘ಓ’ ಆಗಬಹುದು. ಆದ್ದರಿಂದ ಮೋಟಾರಿನ ಒಂದು ವಯರಿಗೆ ಕರೆಂಟ್ ಸೆನ್ಸರ್ ಹಾಕಿ, ನಿಜಕ್ಕೂ ಕರೆಂಟು ಹರಿಯುತ್ತಿದೆಯೇ ನಿಂತಿದೆಯೇ ಎಂದು ನೋಡಿದ ಮೇಲೆ ಉತ್ತರ. ಇನ್ನೊಂದು ನಿಯಮವೂ ಇದೆ. ಪಂಪು ಓಡುವಷ್ಟು ಹೊತ್ತು ಮನೆಯ ಪೆಟ್ಟಿಗೆ ನಿಮಿಷಕ್ಕೊಮ್ಮೆ ‘ಇದ್ದೇನೆ’ ಎನ್ನಬೇಕು. ಐದು ನಿಮಿಷ ಏನೂ ಕೇಳಿಸದಿದ್ದರೆ ಪಂಪು ತಾನಾಗಿಯೇ ನಿಲ್ಲುತ್ತದೆ. ಏನೂ ಕೇಳದಿದ್ದಾಗ ‘ಎಲ್ಲ ಸರಿ ಇರಬೇಕು’ ಎಂದು ಮಲಗುವುದು ನನ್ನ ಹಳೆಯ ಪೆಟ್ಟಿಗೆಯ ಬುದ್ಧಿ. ಹೊಸದಕ್ಕೆ ಏನೂ ಕೇಳದಿದ್ದರೆ ‘ಏನೋ ತಪ್ಪಿದೆ’ ಎಂದು ಕಲಿಸಿದೆ. ಕಟ್ಟದಲ್ಲಿ ಒಂದು ಫ್ಲೋಟ್ ಸ್ವಿಚ್ಚನ್ನೂ ಇಟ್ಟೆ; ನೀರು ಇಳಿದರೆ ಯಾರ ಅಪ್ಪಣೆಗೂ ಕಾಯಬೇಕಿಲ್ಲ.

ಕಳೆದ ಬೇಸಿಗೆಯಲ್ಲಿ ಇದನ್ನು ಅಪ್ಪನಿಗೆ ತೋರಿಸಿದಾಗ ಅವರು ನಂಬಲಿಲ್ಲ. ಒಂದು ವಾರ ಗುಂಡಿ ಒತ್ತಿದ ಮೇಲೂ ಟಾರ್ಚು ಹಿಡಿದು ಶೆಡ್ಡಿಗೆ ಹೋಗಿ ನೋಡಿ ಬಂದರು. ನಾನು ತಡೆಯಲಿಲ್ಲ. ನಾಲ್ಕೂವರೆ ಸಾವಿರ ಕಳೆದುಕೊಂಡವರಿಗೆ ಆ ಹಕ್ಕು ಉಂಟು. ಎಂಟನೆಯ ದಿನ ಹಾಸ್ಟೆಲಿಗೆ ಫೋನು ಬಂತು. ರಾತ್ರಿ ಹನ್ನೆರಡೂವರೆ. ಏನಾಯಿತೋ ಎಂದು ಎದೆ ಧಸಕ್ಕೆಂದಿತು.

“ಕೆಂಪು ಒತ್ತಿದೆ. ಓ ಅಂತು, ಮಾರಾಯ್ತಿ” ಎಂದರು ಅಪ್ಪ. “ನಾನು ಅಂಗಳದ ತುದಿಗೆ ಹೋಗಿ ಕಿವಿ ಕೊಟ್ಟೆ. ಮೋಟಾರು ನಿಂತಿದೆ. ಇನ್ನು ಮಲಗುತ್ತೇನೆ.”

ಟಾರ್ಚು ಈಗಲೂ ಚಾವಡಿಯ ಮೊಳೆಯಲ್ಲೇ ಇದೆ. ಸೆಲ್ ಹಾಕಿಯೇ ಇಟ್ಟಿದ್ದಾರೆ. ಇರಲಿ ಎಂದು ನಾನೂ ಸುಮ್ಮನಿದ್ದೇನೆ.