ಇಂಜುರಿ ಎಂಬ ಅನ್ಯಾಯ

ಕಳೆದ ವರ್ಷ ಫೆಬ್ರವರಿಯಲ್ಲಿ ನಮ್ಮ ಮನೆಯ ಮುಂದಿನ ಮೆಟ್ಟಿಲ ಮೇಲೆ ಅಮ್ಮ ಜಾರಿ ಬಿದ್ದಳು. ತೀರ್ಥಹಳ್ಳಿಯಿಂದ ಬಂದು ಆಗಿನ್ನೂ ಮೂರು ತಿಂಗಳು. ಮಿಷಿಗನ್ನಿನ ಚಳಿ ಎಂಥದ್ದೆಂದು ಈ ಸಂಚಿಕೆಯ ಓದುಗರಿಗೆ ನಾನು ಹೇಳಬೇಕಾಗಿಲ್ಲ. ಹಿಂದಿನ ರಾತ್ರಿ ಸುರಿದ ಮಳೆ ಬೆಳಗಾಗುವಷ್ಟರಲ್ಲಿ ಗಾಜಿನಂತೆ ಹೆಪ್ಪುಗಟ್ಟಿತ್ತು. ನಾನು ಆಫೀಸಿಗೆ ಹೋಗಿಯಾಗಿತ್ತು. ಟಪಾಲು ಬಂದಿದೆಯೇನೋ ನೋಡೋಣ ಎಂದು ಅಮ್ಮ ಹವಾಯಿ ಚಪ್ಪಲಿ ಮೆಟ್ಟಿಕೊಂಡು ಹೊರಟಿದ್ದಾಳೆ. ಎರಡನೇ ಮೆಟ್ಟಿಲಲ್ಲೇ ಕಾಲು ಜಾರಿತು, ಬಲಗೈ ಊರಿದಳು, ಮಣಿಕಟ್ಟಿನ ಮೂಳೆ ಮುರಿಯಿತು.

ಎಮರ್ಜೆನ್ಸಿಯಲ್ಲಿ ನನ್ನ ಕೈಗೆ ಒಂದು ಫಾರಂ ಕೊಟ್ಟರು. ಇಂಜುರಿ ಆದದ್ದು ಯಾವಾಗ, ಇಂಜುರಿ ಆದದ್ದು ಎಲ್ಲಿ, ಇಂಜುರಿ ಯಾವ ರೀತಿಯದು... ನರ್ಸ್ ಕೂಡ ಅದನ್ನೇ ಮತ್ತೆ ಕೇಳಿದಳು. ಅಮ್ಮ ನೋವಿನಲ್ಲೂ ಕುತೂಹಲ ಬಿಡುವವಳಲ್ಲ.

“ಏನೋ ಅದು, ಪದೇ ಪದೇ ಇಂಜುರಿ ಇಂಜುರಿ ಅಂತಾಳೆ?”

“ಗಾಯ ಅಂತ ಅಮ್ಮ.”

“ಒಂದು ತೊಟ್ಟು ರಕ್ತ ಬಂದಿಲ್ಲ, ಗಾಯ ಹೇಗಾಗುತ್ತೆ?”

ಅವಳ ಮಾತು ಸರಿಯೇ. ನಮ್ಮಲ್ಲಿ ಬಿದ್ದರೆ ಪೆಟ್ಟು, ಕುಯ್ದರೆ ಗಾಯ, ಕಾಲು ಹೊರಳಿದರೆ ಉಳುಕು, ಮಂಡಿ ಉಜ್ಜಿದರೆ ತರಚು, ಕೀವು ಕಟ್ಟಿದರೆ ಹುಣ್ಣು. ಒಂದೊಂದಕ್ಕೂ ಬೇರೆ ಹೆಸರು, ಬೇರೆ ಮದ್ದು. ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬುವ ಇಂಜುರಿಯಂಥ ಪದ ಆಡುಮಾತಿನಲ್ಲಿ ನನಗಂತೂ ಹೊಳೆಯಲಿಲ್ಲ. ಗಾಯ ಎನ್ನುವುದೂ ಸಂಸ್ಕೃತದ ‘ಘಾತ’ ಸವೆದು ಆದದ್ದು. ಆಘಾತ, ಅಪಘಾತಗಳೆಲ್ಲ ಅದರ ನೆಂಟರು. ಫಾರಮ್ಮಿನಲ್ಲಿ ಏನೋ ಒಂದು ಬರೆದೆ. ಅಷ್ಟರಲ್ಲಿ ಅಮ್ಮ ತನ್ನಷ್ಟಕ್ಕೆ ಹೇಳಿಕೊಂಡಳು: “ಅನ್ಯಾಯವಾಗಿ ಬಿದ್ದುಬಿಟ್ಟೆ ನೋಡು.”

ಆ ರಾತ್ರಿ ನಿದ್ದೆ ಬರಲಿಲ್ಲ. ಕಾರಣ ಮುಂದೆ ಹೇಳುತ್ತೇನೆ. ಸುಮ್ಮನೆ ಕೂರಲಾರದೆ ನಿಘಂಟು ತೆಗೆದು ಇಂಜುರಿ ಪದದ ಮೂಲ ಹುಡುಕಿದೆ. ಸಿಕ್ಕಿದ್ದನ್ನು ನೋಡಿ ಎದ್ದು ಕೂತೆ!

ಲ್ಯಾಟಿನ್ನಿನಲ್ಲಿ ‘ಯೂಸ್’ ಎಂದರೆ ಹಕ್ಕು, ಕಾನೂನು, ನ್ಯಾಯ. ಅದರ ಹಿಂದೆ ‘ಇನ್’ ಸೇರಿದರೆ ಇಲ್ಲ ಎಂಬ ಅರ್ಥ. ಎರಡೂ ಕೂಡಿ ‘ಇನ್‌ಯೂರಿಯಾ’, ಅಂದರೆ ನ್ಯಾಯವಲ್ಲದ್ದು. ಆ ‘ಇನ್’ ಮತ್ತು ಸಂಸ್ಕೃತದ ‘ಅ’ ಒಂದೇ ಬೇರಿನಿಂದ ಹುಟ್ಟಿದವು ಎನ್ನುತ್ತಾರೆ ಭಾಷಾಶಾಸ್ತ್ರಜ್ಞರು. ಹಾಗಾಗಿ ಇಂಜುರಿಯನ್ನು ಅಕ್ಷರಶಃ ಕನ್ನಡಕ್ಕೆ ತಂದರೆ ಅದು ಗಾಯವಲ್ಲ, ಪೆಟ್ಟಲ್ಲ. ಅನ್ಯಾಯ! ಇಂಗ್ಲಿಷ್ ಬಾರದ ನಮ್ಮಮ್ಮ ಎಮರ್ಜೆನ್ಸಿಯ ಕುರ್ಚಿಯಲ್ಲಿ ಕೂತು ಸರಿಯಾದ ಅನುವಾದ ಕೊಟ್ಟಿದ್ದಳು. ಜಸ್ಟಿಸ್, ಜ್ಯೂರಿ, ಪರ್ಜುರಿ ಎಲ್ಲ ಇದೇ ಕುಟುಂಬದ ಪದಗಳು.

ಫ್ರೆಂಚ್ ದಾರಿಯಾಗಿ ಹದಿನಾಲ್ಕನೇ ಶತಮಾನದಲ್ಲಿ ಈ ಪದ ಇಂಗ್ಲಿಷಿಗೆ ಬಂದಾಗಲೂ ಅದರ ಮುಖ್ಯ ಅರ್ಥ ಒಬ್ಬರು ಇನ್ನೊಬ್ಬರಿಗೆ ಮಾಡಿದ ಅನ್ಯಾಯ ಎಂದೇ. ಮೈಗೆ ಆದ ಪೆಟ್ಟು ಎಂಬ ಅರ್ಥ ನಿಧಾನವಾಗಿ ಮೇಲೆ ಬಂತು. ಫ್ರೆಂಚರು ಇನ್ನೊಂದು ದಾರಿ ಹಿಡಿದರು. ಅವರಲ್ಲಿ ಇಂದಿಗೂ ‘ಆಂಜ್ಯೂರ್’ ಎಂದರೆ ಬೈಗುಳ. ಪ್ಯಾರಿಸ್ಸಿಗೆ ಹೋಗಿ ಮಂಡಿ ಕೆತ್ತಿಸಿಕೊಂಡರೆ ದಯವಿಟ್ಟು ಆ ಪದ ಬಳಸಬೇಡಿ, ಯಾರು ಬೈದರು ಎಂದು ಕೇಳಿಯಾರು.

ಅಮ್ಮನಿಗೆ ಮರುದಿನ ಇದನ್ನೆಲ್ಲ ಹೇಳುತ್ತಾ ರೋಮಿನ ಕಥೆಯನ್ನೂ ಹೇಳಿದೆ. ಕ್ರಿಸ್ತಪೂರ್ವ 450ರ ಸುಮಾರಿಗೆ ರೋಮನ್ನರು ಹನ್ನೆರಡು ಹಲಗೆಗಳ ಮೇಲೆ ಕಾನೂನು ಬರೆಸಿದರು. ಬೇರೆಯವರ ಮೂಳೆ ಮುರಿದರೆ 300 ನಾಣ್ಯ ದಂಡ. ಮುರಿಸಿಕೊಂಡವನು ಗುಲಾಮನಾದರೆ 150. ಕೆನ್ನೆಗೆ ಹೊಡೆಯುವಂಥ ಸಣ್ಣ ಇನ್‌ಯೂರಿಯಾಕ್ಕೆ 25. ಕಾಲ ಕಳೆದು ಆ ತಾಮ್ರದ ನಾಣ್ಯಕ್ಕೆ ಬೆಲೆಯೇ ಇಲ್ಲದಾಯಿತು, ದಂಡ ಮಾತ್ರ ಹಾಗೇ ಉಳಿಯಿತು. ಆಗ ಲೂಸಿಯಸ್ ವೆರೇಷಿಯಸ್ ಎಂಬ ಸೊಕ್ಕಿನ ಸಿರಿವಂತನಿಗೆ ಒಂದು ಮೋಜು ಹೊಳೆಯಿತಂತೆ. ಬೀದಿಯಲ್ಲಿ ಎದುರಾದ ಮರ್ಯಾದಸ್ಥರ ಕೆನ್ನೆಗೆ ಬಾರಿಸುತ್ತಾ ಹೋಗುವುದು. ಹಿಂದೆಯೇ ಅವನ ಗುಲಾಮ ಹಣದ ಚೀಲ ಹೊತ್ತು ಬಂದು, ಏಟು ತಿಂದವರಿಗೆಲ್ಲ ಕಾನೂನು ಪ್ರಕಾರ 25 ನಾಣ್ಯ ಎಣಿಸಿ ಕೊಡುವುದು! ಔಲಸ್ ಗೆಲಿಯಸ್ ಎಂಬ ಲೇಖಕ ಎರಡನೇ ಶತಮಾನದಲ್ಲಿ ಇದನ್ನು ದಾಖಲಿಸಿದ್ದಾನೆ. ಇಂಥದ್ದಕ್ಕಾಗಿಯೇ ಆ ನಿಗದಿತ ದಂಡ ಬಿಟ್ಟು, ಆದ ಅವಮಾನಕ್ಕೆ ತಕ್ಕಂತೆ ಪರಿಹಾರ ಅಳೆಯುವ ಪದ್ಧತಿ ಬಂತು ಎಂಬುದು ಅವನ ವಿವರಣೆ.

“ಮೂಳೆಗೆ ಮುನ್ನೂರಾ? ಇಲ್ಲಿ ಎಷ್ಟು ಬಿಲ್ ಆಯ್ತೋ?” ಅಂದಳು ಅಮ್ಮ. ನಾನು ಮಾತು ಬದಲಿಸಿದೆ.

ಇಂಗ್ಲಿಷಿನಲ್ಲಿ ಇಂಜುರಿಯ ಮೇಲೆ ಅವಮಾನವನ್ನೂ ಸೇರಿಸುವುದು ಎಂಬ ಮಾತಿದೆ. ನಾವು ಗಾಯದ ಮೇಲೆ ಬರೆ ಎಳೆದಂತೆ ಎನ್ನುತ್ತೇವಲ್ಲ, ಹಾಗೆ. ಇದರ ಮೂಲ ರೋಮಿನ ಫೀಡ್ರಸ್ ಬರೆದ ಒಂದು ನೀತಿಕಥೆ. ಬೋಳುತಲೆಯವನಿಗೆ ನೊಣ ಕಚ್ಚಿತು. ಅದನ್ನು ಕೊಲ್ಲಲು ಹೋಗಿ ತನ್ನ ತಲೆಗೇ ಪಟ್ಟೆಂದು ಬಾರಿಸಿಕೊಂಡ. ನೊಣ ತಪ್ಪಿಸಿಕೊಂಡು, ಪೆಟ್ಟಿನ ಜೊತೆಗೆ ಅವಮಾನವನ್ನೂ ನೀನೇ ಮಾಡಿಕೊಂಡೆಯಲ್ಲ, ಇನ್ನು ನಿನಗೆ ನೀನೇ ಏನು ಶಿಕ್ಷೆ ಕೊಟ್ಟುಕೊಳ್ಳುತ್ತೀ ಎಂದು ನಕ್ಕಿತು. ಈ ಕಥೆ ಹೇಳುವಾಗ ಅಮ್ಮ ಜೋರಾಗಿ ನಕ್ಕಳು. ನನಗೆ ನಗು ಬರಲಿಲ್ಲ.

ವಕೀಲರ ಲೋಕದಲ್ಲಿ ಹಳೆಯ ಅರ್ಥ ಇನ್ನೂ ಗಟ್ಟಿಯಾಗಿದೆ. ನಷ್ಟವಾದ ಮಾತ್ರಕ್ಕೆ ಇಂಜುರಿ ಆಗಬೇಕೆಂದಿಲ್ಲ. 1410ರಲ್ಲಿ ಇಂಗ್ಲೆಂಡಿನ ಗ್ಲಾಸ್ಟರಿನಲ್ಲಿ ಹೊಸ ಮೇಷ್ಟ್ರೊಬ್ಬರು ಶಾಲೆ ತೆರೆದರು. ಪೈಪೋಟಿಯಲ್ಲಿ ಹಳೆಯ ಶಾಲೆಯವರು ಫೀಸು ಇಳಿಸಬೇಕಾಗಿ ಬಂದು ಕೋರ್ಟಿಗೆ ಹೋದರು. ನಷ್ಟ ಹೌದು, ಆದರೆ ಯಾರ ಹಕ್ಕೂ ಮುರಿದಿಲ್ಲ ಎಂದಿತು ಕೋರ್ಟು. ಇದರ ತಿರುವುಮುರುವು 1703ರ ಆಶ್ಬಿ ಮೊಕದ್ದಮೆ. ಆಶ್ಬಿಯವರಿಗೆ ಮತ ಹಾಕಲು ಬಿಡಲಿಲ್ಲ. ಅವರ ಅಭ್ಯರ್ಥಿ ಗೆದ್ದಿದ್ದರಿಂದ ನಷ್ಟವೇನೂ ಆಗಲಿಲ್ಲ. ಆದರೂ ಹಕ್ಕು ಕಿತ್ತುಕೊಂಡದ್ದೇ ಇಂಜುರಿ ಎಂದು ಕೊನೆಗೆ ತೀರ್ಮಾನವಾಯಿತು. ನಮ್ಮ 1860ರ ಭಾರತೀಯ ದಂಡ ಸಂಹಿತೆಯ 44ನೇ ಕಲಮು ಕೂಡ ಇದೇ ಜಾಡಿನದು: ಒಬ್ಬರ ದೇಹ, ಮನಸ್ಸು, ಮಾನ ಅಥವಾ ಆಸ್ತಿಗೆ ಕಾನೂನುಬಾಹಿರವಾಗಿ ಮಾಡಿದ ಯಾವುದೇ ಹಾನಿ ಇಂಜುರಿ. ಬರೀ ಮೈನೋವಿಗೆ ಅಲ್ಲಿ ‘ಹರ್ಟ್’ ಎಂಬ ಬೇರೆ ಪದವಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯೂ ಈ ಎರಡನ್ನೂ ಬೇರೆಬೇರೆಯಾಗಿಯೇ ಇಟ್ಟುಕೊಂಡಿದೆ.

ಅಂದರೆ ಇಂಜುರಿ ಆಗಬೇಕಾದರೆ ಮಾಡಿದವನೊಬ್ಬ ಇರಬೇಕು.

ಮೂರು ವಾರದ ಮೇಲೆ ಅಮ್ಮನ ಪ್ರವಾಸಿ ವಿಮೆಯ ಕಂಪನಿಯಿಂದ ಇನ್ನೊಂದು ಫಾರಂ ಬಂತು. ಇಂಜುರಿ ಬೇರೆ ಯಾರದಾದರೂ ಅಲಕ್ಷ್ಯದಿಂದ ಆಯಿತೇ? ಹೌದಾದರೆ ಅವರ ಹೆಸರು, ವಿಳಾಸ ಬರೆಯಿರಿ.

ಆ ರಾತ್ರಿ ನಿದ್ದೆ ಬಾರದ್ದಕ್ಕೆ ಕಾರಣ ಇದೇ. ನವೆಂಬರಿನಲ್ಲೇ ಐವತ್ತು ಪೌಂಡಿನ ಉಪ್ಪಿನ ಚೀಲ ತಂದು ಗರಾಜಿನಲ್ಲಿ ಇಟ್ಟಿದ್ದೆ. ಅದರ ಬಾಯಿ ಹೊಲಿದದ್ದು ಹೊಲಿದ ಹಾಗೇ ಇತ್ತು. ಅವತ್ತು ಬೆಳಿಗ್ಗೆ ನಾನೂ ಅದೇ ಮೆಟ್ಟಿಲ ಮೇಲೆ ಜಾರಿ, ಕಂಬಿ ಹಿಡಿದು ಸಾವರಿಸಿಕೊಂಡಿದ್ದೆ. ಒಂಬತ್ತು ಗಂಟೆಗೆ ಮೀಟಿಂಗ್ ಇತ್ತು. ಸಂಜೆ ಬಂದು ಉಪ್ಪು ಹಾಕಿದರಾಯಿತು ಎಂದು ಕಾರು ಹತ್ತಿದ್ದೆ. ಒಳಗೆ ಹೋಗಿ “ಅಮ್ಮಾ, ಹೊರಗೆ ಬರಬೇಡ” ಎನ್ನುವಷ್ಟೂ ವ್ಯವಧಾನ ನನಗಿರಲಿಲ್ಲ. ಇದನ್ನು ಅಮ್ಮನಿಗೂ ಹೇಳಿರಲಿಲ್ಲ.

ಹೆಂಡತಿ ‘ಇಲ್ಲ’ ಎಂದು ಗುರುತು ಹಾಕಿ ಕಳಿಸಿ ಎಂದಳು. ನಾನು ಫಾರಂ ಹಿಡಿದುಕೊಂಡು ಅಮ್ಮನ ಕೋಣೆಗೆ ಹೋಗಿ, ಪ್ರಶ್ನೆಯನ್ನು ಕನ್ನಡದಲ್ಲಿ ಓದಿ ಹೇಳಿ, ಉಪ್ಪಿನ ಚೀಲದ ವಿಷಯವನ್ನೂ ಹೇಳಿದೆ. ಅಮ್ಮ ಎಡಗೈಯಲ್ಲಿ ಅವರೆಕಾಳು ಹಿಸುಕುತ್ತಿದ್ದಳು. ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ.

“ನೀನು ಜಾರಿದಾಗ ನಿನಗೇನೂ ಆಗಲಿಲ್ಲ ತಾನೇ?” ಎಂದು ಕೇಳಿದಳು. ಆಮೇಲೆ, “ಇದ್ದದ್ದು ಇದ್ದ ಹಾಗೆ ಬರಿ. ಸುಳ್ಳು ಬರೆದು ದುಡ್ಡು ತಗೊಂಡ್ರೆ ಅದೊಂದು ಅನ್ಯಾಯ” ಅಂದಳು.

ನನ್ನ ಹೆಸರೇ ಬರೆದೆ. ನಾಲ್ಕು ದಿನದ ಮೇಲೆ ಕಂಪನಿಯ ಹೆಂಗಸೊಬ್ಬಳು ಫೋನ್ ಮಾಡಿ, ರೋಗಿಯ ಕಡೆಯವರೂ ನೀವೇ, ತಪ್ಪು ಮಾಡಿದವರೂ ನೀವೇ, ಬರೆಯುವಾಗ ಏನಾದರೂ ಹೆಚ್ಚುಕಡಿಮೆ ಆಯಿತೇ ಎಂದು ಕೇಳಿದಳು. ಇಲ್ಲ ಎಂದು ವಿವರಿಸಿದೆ. ಆ ಕಡೆ ಕೀಬೋರ್ಡಿನ ಶಬ್ದ ಬಹಳ ಹೊತ್ತು ಕೇಳಿಸಿತು. ಕೊನೆಗೆ ಬಿಲ್ಲಿನ ಅರ್ಧದಷ್ಟು ಬಂತು, ಉಳಿದರ್ಧ ನಾನು ಕಟ್ಟಿದೆ.

ಮೇ ತಿಂಗಳಲ್ಲಿ ಅಮ್ಮ ಊರಿಗೆ ಹೊರಟಳು. ಮೂಳೆ ಕೂಡಿದೆ, ಆದರೆ ರೊಟ್ಟಿ ತಟ್ಟುವಾಗ ಮಣಿಕಟ್ಟು ಈಗಲೂ ಹಿಡಿದುಕೊಳ್ಳುತ್ತದಂತೆ. ನವೆಂಬರ್ ಬಂದ ಮೇಲೆ ಫೋನ್ ಮಾಡಿದಾಗಲೆಲ್ಲ ಮೊದಲು ಮೊಮ್ಮಕ್ಕಳ ವಿಷಯ ಕೇಳುತ್ತಾಳೆ, ಆಮೇಲೆ ಉಪ್ಪಿನ ವಿಷಯ.